ಪಾತ್ರೆ ವ್ಯಾಪಾರಿಯ ಗಾಡಿಮನೆ

"ಬುದ್ಧಿ, ಗಾಡಿಯನ್ನೇ ಮನೆ ಮಾಡಿಕೊಂಡು ಉಳಿದ ದಿನವೆಲ್ಲ ಊರೂರು ಸುತ್ತಬೇಕು ಅಂತ ನಾವು ಗಂಡ ಹೆಂಡತಿ ತೀರ್ಮಾನ ಮಾಡಿದ್ದೇವೆ. ಎಂಥ ಗಾಡಿ ಕೊಂಡರೆ ಒಳ್ಳೆಯದು?"

ಕೇಳಿದವನು ಮರುಳಪ್ಪ. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ಈ ವರ್ಷ ನಿವೃತ್ತನಾದವನು. ಚಿಕ್ಕಂದಿನಿಂದ ಮಠದ ಶಿಷ್ಯ. ಇವತ್ತೂ ಒಬ್ಬನೇ ಬಂದಿದ್ದ. ಗುರುಗಳು ಜಗಲಿಯ ಮೇಲೆ ಅವರೆಕಾಯಿಯ ರಾಶಿ ಮುಂದಿಟ್ಟುಕೊಂಡು ಕಾಳು ಬಿಡಿಸುತ್ತಿದ್ದರು. ಮಧ್ಯಾಹ್ನದ ದಾಸೋಹದ ಸಾರಿಗೆ ಕಾಳು ಬೇಕಾಗಿತ್ತು. ಅವರು ತಲೆ ಎತ್ತಲಿಲ್ಲ.

"ನಾನೇನು ಗಾಡಿ ಮಾರುವವನೇನಯ್ಯ? ಮಾರುವವರನ್ನು ಹೋಗಿ ಕೇಳು."

"ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ ಬುದ್ಧಿ. ಚಿಕ್ಕದು ಕೊಂಡರೆ ಎಲ್ಲಿ ಬೇಕಾದರೂ ನುಗ್ಗುತ್ತದೆ, ಆದರೆ ಒಳಗೆ ನೆಟ್ಟಗೆ ನಿಲ್ಲುವ ಹಾಗಿಲ್ಲ. ದೊಡ್ಡದು ಕೊಂಡರೆ ಬಚ್ಚಲು, ಕಕ್ಕಸು ಎಲ್ಲ ಒಳಗೇ ಬರುತ್ತದೆ, ಆದರೆ ಘಾಟಿಯ ತಿರುವಿನಲ್ಲಿ ಜೀವ ಬಾಯಿಗೆ ಬರುತ್ತದೆ. ಮೇಲೆ ಸೋಲಾರ್ ಹಾಕಿಸಬೇಕು. ಫ್ರಿಜ್ಜು ಬೇಕೋ ಬೇಡವೋ ತಿಳಿಯುತ್ತಿಲ್ಲ. ಕೂತರೆ ಗಾಡಿ, ನಿಂತರೆ ಗಾಡಿ. ಊಟದ ತಟ್ಟೆಯ ಮುಂದೆಯೂ ಅದೇ ಯೋಚನೆ."

ಅವನು ಮೊಬೈಲಿನಲ್ಲಿದ್ದ ಗಾಡಿಯ ಚಿತ್ರಗಳನ್ನು ತೋರಿಸಲು ಹೋದ. ಗುರುಗಳು ಒಂದು ಮೊರವನ್ನು ಅವನ ಕಡೆಗೆ ತಳ್ಳಿದರು.

"ಅದನ್ನು ಜೇಬಿಗೆ ಹಾಕು. ಕಾಯಿ ಬಿಡಿಸು. ಹುಳುಕು ಇದ್ದರೆ ಬೇರೆ ಇಡು. ಒಂದು ಕತೆ ಹೇಳುತ್ತೇನೆ, ಮಧ್ಯೆ ಬಾಯಿ ಹಾಕಬೇಡ."

ಒಂದೇ ಕಡೆ ಕೂತು ಮಾತಾಡುವುದು ಗುರುಗಳಿಗೆ ಆಗದು. ಅವರು ಎದ್ದು, ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಯಾವ ಊರು ಅಂತ ಕೇಳಬೇಡ, ಊರು ತೆಗೆದುಕೊಂಡು ಏನು ಮಾಡುತ್ತೀ? ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ಒಂದೇ ಬಾಗಿಲು. ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಕಂಚಿನ ತಟ್ಟೆ ಮಾರುತ್ತಿದ್ದ. ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದರೆ ಸಾಕು, ಸದ್ದಿನಲ್ಲೇ ಬಿರುಕು ಹಿಡಿಯುತ್ತಿದ್ದ. ಒಳ್ಳೆಯವನು. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಒರಟಿಲ್ಲ. ಹೆಂಡತಿಯ ಹೆಸರು ಅಂಬುಜಮ್ಮ.

ಆ ಮನೆಗೆ ಒಂದು ಕಟ್ಟಳೆ ಇತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಇರಕೂಡದು. ಮುಸ್ಸಂಜೆಗೆ ಲಕ್ಷ್ಮಿ ಬರುತ್ತಾಳೆ, ಬಾಗಿಲು ಹಾಕಿದ್ದರೆ ಹಾಗೆಯೇ ಮುಂದಿನ ಮನೆಗೆ ಹೋಗಿಬಿಡುತ್ತಾಳೆ ಎಂದು ವ್ಯಾಪಾರಿಯ ತಾಯಿ ಹೇಳಿದ್ದಳು. ಜೊತೆಗೆ ಎದುರು ಮನೆಯವರ ಕತೆಯೊಂದಾಯಿತು. ಅವರು ಬೀಗ ಹಾಕಿಕೊಂಡು ಮದುವೆಗೆ ಹೋಗಿದ್ದರು. ತಿರುಗಿ ಬರುವಷ್ಟರಲ್ಲಿ ಕಳ್ಳರು ಒರಳುಕಲ್ಲೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಗುಡಿಸಿಕೊಂಡು ಹೋಗಿದ್ದರು. ಅಲ್ಲಿಂದ ವ್ಯಾಪಾರಿಗೆ ಲಕ್ಷ್ಮಿ ಹೋಗುವ ಭಯದ ಜೊತೆಗೆ ಕಳ್ಳ ಬರುವ ಭಯವೂ ಸೇರಿಕೊಂಡಿತು.

ಆದ್ದರಿಂದ ಒಬ್ಬರು ಹೋದರೆ ಒಬ್ಬರು ಉಳಿಯಬೇಕು. ಅವಳ ತಮ್ಮನ ಮದುವೆಗೆ ಅವಳು ಹೋದಳು, ಇವನು ಉಳಿದ. ಇವನ ಅಕ್ಕ ತೀರಿಕೊಂಡಾಗ ಇವನು ಹೋದ, ಅವಳು ಉಳಿದಳು. ಮಗಳ ಮದುವೆಯನ್ನು ಮನೆಯ ಮುಂದೆಯೇ ಚಪ್ಪರ ಹಾಕಿಸಿ ಮುಗಿಸಿದರು. ಇಲ್ಲದಿದ್ದರೆ ಧಾರೆಗೂ ಒಬ್ಬರೇ ಹೋಗಬೇಕಾಗುತ್ತಿತ್ತು. ನಗಬೇಡ ಮರುಳಪ್ಪ, ಕಾಯಿ ಬಿಡಿಸು.

ಹೋದವರು ಬಂದು ಕಂಡದ್ದನ್ನು ಹೇಳುತ್ತಿದ್ದರು. ಉಳಿದವರು ಕೇಳುತ್ತಿದ್ದರು. ಹೀಗೆ ನಡೆದುಕೊಂಡು ಬಂತು. ಸಂಜೆಯಾದರೆ ಅವನಿಗೆ ಅಂಗಡಿಯಲ್ಲಿ ವ್ಯಾಪಾರದ ಹೊತ್ತು, ಅವಳಿಗೆ ಒಳಗೆ ದೀಪದ ಹೊತ್ತು. ಮದುವೆಯಾದಂದಿನಿಂದ ಆ ಗಂಡ ಹೆಂಡತಿ ಒಂದು ಸಂಜೆಯನ್ನೂ ಒಟ್ಟಿಗೆ ಕಂಡವರಲ್ಲ.

ಒಮ್ಮೆ ಅವಳ ತಮ್ಮ ಸಮುದ್ರ ನೋಡಿಕೊಂಡು ಬಂದು, ಅಲ್ಲಿ ಸೂರ್ಯ ಮುಳುಗುವ ಚಂದವನ್ನು ಬಾಯಿ ತುಂಬ ಹೇಳಿ ಹೋದ. ಅಂದು ಗಂಡನಿಗೆ ಬಡಿಸುತ್ತಾ ಅಂಬುಜಮ್ಮ ಕೇಳಿದಳು.

"ರೀ, ಒಂದೇ ಒಂದು ಸಲ ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನು ನಾವಿಬ್ಬರೂ ಅಕ್ಕಪಕ್ಕ ಕೂತು ನೋಡಬೇಕು. ನೀವು ನೋಡಿ ಬಂದು ನನಗೆ ಹೇಳುವುದು ಬೇಡ, ನಾನು ನೋಡಿ ಬಂದು ನಿಮಗೆ ಹೇಳುವುದೂ ಬೇಡ."

"ಆಗಲಿ. ಅಂಗಡಿ ಬಿಟ್ಟ ಮೇಲೆ ಹೋಗೋಣ" ಎಂದ ವ್ಯಾಪಾರಿ.

ಬೇರೆ ಏನನ್ನೂ ಆ ಹೆಂಗಸು ಅವನನ್ನು ಕೇಳಲಿಲ್ಲ. ಬಳೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಅಂಗಡಿ ಬಿಡುವ ದಿನಕ್ಕಾಗಿ ಕೂದಲು ಬೆಳ್ಳಗಾಗುವ ತನಕ ಕಾದಳು. ನನಗೆ ಅವಳ ನೆನಪಾದರೆ ಸಂಕಟವಾಗುತ್ತದೆ.

ಕಡೆಗೆ ಆ ದಿನವೂ ಬಂತು. ವ್ಯಾಪಾರಿ ಅಂಗಡಿಯನ್ನು ಅಣ್ಣನ ಮಗನಿಗೆ ಬಿಟ್ಟುಕೊಟ್ಟ. ಅಂಗಡಿಗೂ ಮನೆಗೂ ಒಂದೇ ಬಾಗಿಲು ಅಂದೆನಲ್ಲ, ಮನೆಯೂ ಅದರ ಜೊತೆಗೇ ಹೋಯಿತು. ಗಂಡ ಹೆಂಡತಿ ಬೇರೆ ಬೀದಿಯಲ್ಲಿ ಬಾಡಿಗೆಗೆ ಬಂದರು. ಒಂದು ದಿನ ವ್ಯಾಪಾರಿ ದುಡುದುಡು ಓಡಿ ಬಂದ. ಪೇಟೆಯಲ್ಲಿ ಯಾರೋ ಅವನಿಗೆ ಗಾಡಿಮನೆಯ ವಿಚಾರ ಹೇಳಿದ್ದರು. ಒಳಗೇ ಮಲಗುವುದು, ಒಳಗೇ ಅಡುಗೆ, ಬೇಕೆಂದಲ್ಲಿ ನಿಲ್ಲುವುದು, ಬೇಡವೆಂದರೆ ಮುಂದಕ್ಕೆ ಹೋಗುವುದು.

"ಅಂಬುಜಾ, ಮನೆ ಒಂದು ಕಡೆ ನಿಂತಿದ್ದರೆ ತಾನೇ ಒಬ್ಬರು ಉಳಿಯಬೇಕು? ನಾವು ಹೋದಲ್ಲಿಗೆ ಮನೆಯೇ ಬರುತ್ತದೆ. ಇನ್ನು ಇಬ್ಬರೂ ಒಟ್ಟಿಗೆ."

ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಆ ದಿನ ಹೋಳಿಗೆ ಮಾಡಿದಳು.

ಮೊದಲು ಒಂದು ಚಿಕ್ಕ ವ್ಯಾನು ಮನೆಯ ಬಾಗಿಲಿಗೇ ಬಂತು. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದ ವ್ಯಾನು. ಸೀಟು ಕಿತ್ತು ಹಾಸಿಗೆಯ ಹಲಗೆ ಹೊಡೆದಿದ್ದರು, ಹಿಂದೆ ಒಂದು ಒಲೆ ಇಡುವ ಕಟ್ಟೆ. ಅಂಬುಜಮ್ಮ ಒಳಗೆ ಹತ್ತಿ ಕೂತಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇದೇ ಸಾಕು ರೀ, ನಾಳೆಯೇ ಹೊರಟುಬಿಡೋಣ" ಎಂದಳು.

ವ್ಯಾಪಾರಿ ಗಾಡಿಯ ಮೈಯನ್ನು ಗೆಣ್ಣಿನಿಂದ ತಟ್ಟಿ ನೋಡಿದ. "ಸದ್ದು ಸರಿಯಿಲ್ಲ" ಎಂದ. ಆಮೇಲೆ ಒಳಗೆ ಬಗ್ಗಿ ನೋಡಿ, "ದೇವರನ್ನು ಎಲ್ಲಿ ಇಡುತ್ತೀ?" ಎಂದು ಕೇಳಿದ.

"ಡ್ರೈವರುಗಳು ಮುಂದೆ ಇಟ್ಟುಕೊಳ್ಳುವುದಿಲ್ಲವೇ, ಹಾಗೆ ಇಟ್ಟರಾಯಿತು."

"ಡ್ರೈವರುಗಳ ದೇವರು ದಾರಿಯ ದೇವರು. ಮನೆದೇವರಿಗೆ ಗೂಡು ಬೇಡವೇ? ಯಾರಾದರೂ ಬಂದರೆ ಕೂರಿಸುವುದು ಎಲ್ಲಿ?"

ದಾರಿಯ ನಡುವೆ ಅವನ ಗಾಡಿಗೆ ಯಾರು ಬರುತ್ತಾರೋ ನನಗೆ ತಿಳಿಯದು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರೆ, ಇವನು ಹೊರಡುವ ಮುಂಚೆಯೇ ನೆಂಟರಿಗೆ ಹಾಸಿಗೆ ಹುಡುಕಿದ. ಚಿಕ್ಕ ವ್ಯಾನು ಹಿಂದಕ್ಕೆ ಹೋಯಿತು.

ಆಮೇಲೆ ಅವನು ಊರೂರು ಅಲೆದು ಗಾಡಿ ನೋಡಿದ. ಒಂದರಲ್ಲಿ ಅಡುಗೆಯ ಮಗ್ಗುಲಿಗೇ ಕಕ್ಕಸು. ಶಿವ ಶಿವಾ ಎಂದು ಕೆಳಗಿಳಿದ. ಇನ್ನೊಂದರಲ್ಲಿ ಕಕ್ಕಸು ದೂರ ಇತ್ತು, ಕೊಳಗ ಇಡಲು ಜಾಗ ಇರಲಿಲ್ಲ. ಮತ್ತೊಂದರಲ್ಲಿ ಎಲ್ಲ ಇತ್ತು, ಬಣ್ಣ ಹಿಡಿಸಲಿಲ್ಲ. ನೋಡಿ ಬಂದವನು ಹೆಂಡತಿಯ ಮುಂದೆ ಕೂತು ಅದು ಹೀಗಿತ್ತು, ಇದು ಹೀಗಿತ್ತು ಎಂದು ವರ್ಣಿಸುತ್ತಿದ್ದ. ಅವಳನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಬಾಡಿಗೆಯದಾದರೇನು, ಮನೆ ಮನೆಯೇ.

ಮರುಳಪ್ಪ ತಡೆಯಲಾರದೆ ಬಾಯಿ ಹಾಕಿದ. "ಗಾಡಿ ಅಂದ ಮೇಲೆ ಅಳೆದು ಸುರಿದೇ ಕೊಳ್ಳಬೇಕಲ್ಲವೇ ಬುದ್ಧಿ? ಬದುಕುವ ಜಾಗ."

"ಅಳೆಯಲಿ, ಬೇಡ ಅಂದವರು ಯಾರು? ಅಳೆಯುವುದರಲ್ಲೇ ಅವಳ ಮಂಡಿ ಸವೆಯಿತು" ಎಂದರು ಗುರುಗಳು. ಆ ತುದಿಗೆ ಹೋಗಿ, ಅಂಗಳಕ್ಕೆ ಬಂದ ಹಸುವನ್ನು ಗದರಿಸಿ ಅಟ್ಟಿ, ತಿರುಗಿ ಬಂದರು.

ಕಡೆಗೆ ವ್ಯಾಪಾರಿ ಯಾವ ಗಾಡಿಯೂ ಬೇಡ ಎಂದು ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿಗೆ ಹೋದ. ಬರೀ ಚಾಸಿಯ ಮೇಲೆ ತನಗೆ ಬೇಕಾದ ಹಾಗೆ ಮನೆ ಕಟ್ಟಿಸಲು ನಿಂತ. ದಿನಾ ಬೆಳಿಗ್ಗೆ ಸ್ಟೂಲು ಹಾಕಿಕೊಂಡು ಅಲ್ಲೇ ಕೂರುತ್ತಿದ್ದ. ಅಲ್ಲಿ ಕೊರೆ, ಇಲ್ಲಿ ಕೂಡಿಸು, ನಿನ್ನೆ ಹಾಕಿದ್ದನ್ನು ಕೀಳು. ನೆಂಟರಿಗೆ ಮಡಿಚುವ ಮಂಚ ಮಾಡಿಸಿದ. ತಾತನ ಕಾಲದ ತಾಮ್ರದ ಹಂಡೆಗೆ ಕಬ್ಬಿಣದ ಪಟ್ಟಿ ಹೊಡೆಸಿ ಬಚ್ಚಲಿನಲ್ಲಿ ಕೂರಿಸಿದ. ತೇಗದ ಬೀರುವಿನ ತುಂಬ ಹಿತ್ತಾಳೆ. ದೇವರ ಗೂಡು ಪೂರ್ವಕ್ಕೇ ಮುಖ ಮಾಡಿರಬೇಕು ಎಂದು ಹಟ ಹಿಡಿದ.

"ಗಾಡಿ ತಿರುಗಿದರೆ ಪೂರ್ವ ಎಲ್ಲಿರುತ್ತದೆ ಸ್ವಾಮಿ?" ಎಂದು ಮೇಸ್ತ್ರಿ ಕೇಳಿದ.

ವ್ಯಾಪಾರಿ ಊಟ ಮಾಡದೆ ಯೋಚನೆ ಮಾಡಿದ. ಆಮೇಲೆ, "ನಿಲ್ಲಿಸುವಾಗ ಪೂರ್ವ ನೋಡಿಯೇ ನಿಲ್ಲಿಸುತ್ತೇನೆ" ಎಂದ.

ಎಲ್ಲ ಮುಗಿದ ಮೇಲೆ ಗಾಡಿಯ ಬಾಗಿಲಿಗೆ ಒಂದು ಮರದ ಹೊಸಿಲು ಹಾಕಿಸಿದ. ಹೊಸಿಲಿಲ್ಲದ ಮನೆ ಮನೆಯಲ್ಲ ಎಂಬುದು ಅವನ ಮಾತು. ಗೃಹಪ್ರವೇಶ ಮಾಡಿದರು. ಹಾಲು ಚೆನ್ನಾಗಿ ಉಕ್ಕಿತು, ಬಂದವರೆಲ್ಲ ಶುಭ ಎಂದರು. ಅಂಬುಜಮ್ಮ ಹೊಸಿಲಿಗೆ ಅರಿಸಿನ ಕುಂಕುಮ ಇಡಲು ಬಗ್ಗಿದಳು. ಬಗ್ಗಿದವಳ ಮುಖ ಸಪ್ಪಗಾಯಿತು. ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ಮಂಡಿನೋವು ಎಂದು ಹೇಳುತ್ತಿದ್ದಳೋ ಏನೋ.

ಹೊರಟರು. ಮೊದಲ ಸಮುದ್ರ ಬಂತು. ವ್ಯಾಪಾರಿ ಪೂರ್ವ ದಿಕ್ಕು ಹುಡುಕಿ, ಹಿಂದೆ ಮುಂದೆ ಮಾಡಿ, ಬೆವರು ಸುರಿಸಿ ಗಾಡಿ ನಿಲ್ಲಿಸಿದ. ಸಂಜೆಯಾಗುತ್ತಾ ಬಂತು.

"ಬನ್ನಿ ಹೋಗೋಣ" ಎಂದಳು ಅಂಬುಜಮ್ಮ.

"ದೀಪ ಹಚ್ಚುವ ಹೊತ್ತಲ್ಲವೇ?"

"ಹಚ್ಚಿಟ್ಟು, ಬಾಗಿಲು ಎಳೆದುಕೊಂಡು ಹೋಗೋಣ."

"ಒಳಗೆ ಉರಿಯುವ ದೀಪ, ಪಕ್ಕದಲ್ಲಿ ಗ್ಯಾಸು, ಹೊರಗೆ ಬೀಗ. ಹೆಚ್ಚುಕಡಿಮೆಯಾದರೆ? ನೀನೇ ಹೇಳು. ಒಂದು ಕೆಲಸ ಮಾಡೋಣ. ಇವತ್ತು ನೀನು ನೋಡಿಕೊಂಡು ಬಾ, ನಾಳೆ ನಾನು ಹೋಗುತ್ತೇನೆ. ಅದೇ ಸೂರ್ಯ ತಾನೇ?"

ಅವನ ಮಾತಿನಲ್ಲಿ ತಪ್ಪು ಹಿಡಿಯುವ ಹಾಗಿರಲಿಲ್ಲ. ಅದೇ ತೊಂದರೆ. ಅವಳು ಹೋದಳು, ಒಬ್ಬಳೇ ನೋಡಿದಳು, ಬಂದು ಹೇಳಿದಳು. ಮಾರನೆಯ ಸಂಜೆ ಅವನು ಹೋದ, ಒಬ್ಬನೇ ನೋಡಿದ, ಬಂದು ಹೇಳಿದ. ಅವಳು ದೀಪದ ಬತ್ತಿ ಸರಿಮಾಡುತ್ತಾ ಹೂಂ ಹೂಂ ಎಂದಳು.

ಅಲ್ಲಿಂದ ಮುಂದಕ್ಕೆ. "ಮುಂದಿನ ಊರಿನಲ್ಲಿ ಕಾವಲುಗಾರ ಇರುತ್ತಾನಂತೆ, ಅಲ್ಲಿ ಇಬ್ಬರೂ ಹೋಗೋಣ" ಎಂದ. ಮುಂದಿನ ಊರಿನಲ್ಲಿ ಕಾವಲುಗಾರ ಇದ್ದ. "ಅವನ ಕಣ್ಣು ನೋಡಿದೆಯಾ?" ಎಂದು ವ್ಯಾಪಾರಿ ಅವನನ್ನೇ ಕಾಯುತ್ತಾ ಕೂತ. ಅಲ್ಲಿಂದ ಇನ್ನೊಂದು ಊರು. ಬಾಗಿಲಿಗೆ ಇನ್ನೊಂದು ಬೀಗ ಹಾಕಿಸಿದ. ಇಷ್ಟು ಬೀಗ ಕಂಡರೆ ಒಳಗೆ ಏನೋ ಇದೆ ಎಂದು ಕಳ್ಳರಿಗೆ ತಾನೇ ಹೇಳಿಕೊಟ್ಟ ಹಾಗಾಯಿತು ಎಂದು ಚಿಂತೆ ಹತ್ತಿತು. ಅಲ್ಲಿಂದಲೂ ಎದ್ದ. ಕಾಲಿಗೆ ಚಕ್ರ ಕಟ್ಟಿಕೊಂಡವರನ್ನು ಕಂಡಿದ್ದೇನೆ, ಇವನು ಹೊಸಿಲಿಗೇ ಚಕ್ರ ಕಟ್ಟಿಕೊಂಡಿದ್ದ. ಬಂದಲ್ಲಿ ನಿಲ್ಲಲಾರ, ನಿಂತಲ್ಲಿ ಇಳಿಯಲಾರ. ಬೆಟ್ಟ ನೋಡಿದರು, ಸರದಿಯಂತೆ. ಜಲಪಾತ ನೋಡಿದರು, ಸರದಿಯಂತೆ. ದೊಡ್ಡ ದೇವಸ್ಥಾನದ ಮಂಗಳಾರತಿಗೆ ಅವಳು, ಅಭಿಷೇಕಕ್ಕೆ ಇವನು.

ಒಂದು ದಿನ ಅಂಬುಜಮ್ಮನಿಗೆ ತಡೆಯಲಾಗಲಿಲ್ಲ. "ಇದಕ್ಕಿಂತ ನಮ್ಮ ಅಂಗಡಿಯೇ ವಾಸಿಯಾಗಿತ್ತು. ನೀವು ಮುಂದೆ, ನಾನು ಒಳಗೆ. ನೀವು ಕೆಮ್ಮಿದರಾದರೂ ಕೇಳುತ್ತಿತ್ತು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ವ್ಯಾಪಾರಿಗೆ ಕೆಡುಕೆನಿಸಿತು. ಅವನು ಕಲ್ಲಲ್ಲ. "ದಕ್ಷಿಣಕ್ಕೆ ನೆಲ ಮುಗಿಯುವ ಜಾಗ ಇದೆಯಲ್ಲ, ಅಲ್ಲಿ ಖಂಡಿತ. ನನ್ನಾಣೆ. ಆಮೇಲೆ ಮುಂದಿನ ಊರೇ ಇಲ್ಲವಲ್ಲ" ಎಂದ.

ನೆಲ ಮುಗಿಯುವ ಜಾಗಕ್ಕೆ ಬಂದರು. ಆ ಮಧ್ಯಾಹ್ನ ವ್ಯಾಪಾರಿ ಮತ್ತೆ ಸ್ನಾನ ಮಾಡಿದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಅಂಬುಜಮ್ಮ ಹೂ ಮುಡಿದಳು. ಹೊತ್ತಿರುವಾಗಲೇ ಬಾಗಿಲಿಗೆ ಬೀಗ ಹಾಕಿ ಇಬ್ಬರೂ ಹೊರಟರು. ಹೊಸ ಮದುಮಕ್ಕಳ ಹಾಗೆ ನಡೆದರು ಅಂದುಕೋ.

ಸ್ವಲ್ಪ ದೂರ ಹೋದ ಮೇಲೆ ವ್ಯಾಪಾರಿ ತಿರುಗಿ ನೋಡಿದ. ಯಾರೋ ಇಬ್ಬರು ಗಾಡಿಯ ನೆರಳಿನಲ್ಲಿ ನಿಂತು ಕಡಲೆಕಾಯಿ ತಿನ್ನುತ್ತಿದ್ದರು. ಬಿಸಿಲಿಗೆ ನಿಂತವರು, ಪಾಪ.

"ನೀನು ನಿಧಾನವಾಗಿ ನಡಿ. ನಾನು ಒಂದು ಸಲ ನೋಡಿ ಬಂದುಬಿಡುತ್ತೇನೆ" ಎಂದ.

ಅವಳು ಮಂಡಿ ಹಿಡಿದುಕೊಂಡು ಕಲ್ಲುಬಂಡೆಯವರೆಗೆ ಹೋದಳು. ಒಂದು ಬಂಡೆಯ ಮೇಲೆ ಕೂತು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು. ನಮ್ಮ ಕಡೆಯ ಯಾತ್ರೆಯ ಬಸ್ಸೊಂದು ಬಂದಿತ್ತು. ಅದರಿಂದ ಇಳಿದ ಒಬ್ಬ ಮುದುಕಿ ಅವಳ ಹತ್ತಿರ ಬಂದು, "ಇಲ್ಲಿ ಯಾರಾದರೂ ಬರುತ್ತಾರೇನವ್ವ?" ಎಂದು ಕೇಳಿದಳು.

"ಬರುತ್ತಾರೆ ತಾಯಿ, ನಮ್ಮೆಜಮಾನರು" ಎಂದಳು ಅಂಬುಜಮ್ಮ.

ಮುದುಕಿ ನಿಂತೇ ಇದ್ದಳು. ಸೂರ್ಯ ಕೆಳಗಿಳಿದ. ನೀರು ಮುಟ್ಟಿದ. ಅರ್ಧವಾದ. ಅಂಬುಜಮ್ಮ ಸೂರ್ಯನನ್ನು ನೋಡಲಿಲ್ಲ, ಹಿಂದಿನ ದಾರಿಯನ್ನು ನೋಡುತ್ತಿದ್ದಳು. ಜನ ಹೋ ಎಂದರು. ತಿರುಗಿದಾಗ ಸೂರ್ಯ ಇರಲಿಲ್ಲ. ಅವಳು ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು.

"ಕೂತುಕೊಳ್ಳಿ ತಾಯಿ. ಯಾರೂ ಬರುವುದಿಲ್ಲ."

ಗುರುಗಳು ಇಷ್ಟು ಹೇಳಿ ನಿಂತರು. ಮರುಳಪ್ಪನ ಮೊರದ ಕಡೆ ಒಮ್ಮೆ ನೋಡಿ ಮತ್ತೆ ನಡೆಯತೊಡಗಿದರು.

ಅಂಬುಜಮ್ಮ ಗಾಡಿಗೆ ಬಂದಳು. ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು. ವ್ಯಾಪಾರಿ ಹೊಸಿಲ ಮೇಲೆ ಕೂತಿದ್ದ. "ಬೀಗ ತೆಗೆದು ಒಳಗೆ ನೋಡಿದೆ, ಅಷ್ಟರಲ್ಲಿ ದೀಪದ ಹೊತ್ತಾಯಿತು ನೋಡು. ಹಚ್ಚಿದ ಮೇಲೆ ಬಿಟ್ಟು ಬರುವುದು ಹೇಗೆ? ಇರಲಿ, ಹ್ಯಾಗಿತ್ತು ಹೇಳು" ಎಂದ.

ಅವಳು ಹೇಳಲಿಲ್ಲ. ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಬಂದಳು.

"ಆ ಬಸ್ಸಿನಲ್ಲಿ ಜಾಗ ಇದೆಯಂತೆ, ಕೇಳಿ ಬಂದೆ. ನಾಳೆ ಸಂಜೆ ಇನ್ನೊಂದು ಸಮುದ್ರದ ಹತ್ತಿರ ನಿಲ್ಲಿಸುತ್ತಾರೆ. ಆಮೇಲೆ ನಮ್ಮ ಊರ ಕಡೆ ಹೋಗುತ್ತದೆ, ನಾನು ತಮ್ಮನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ. ಇಬ್ಬರಿಗೂ ಜಾಗ ಇದೆ. ಬರುವುದಾದರೆ ಈಗಲೇ ಬನ್ನಿ."

ವ್ಯಾಪಾರಿ ಅವಳ ಮುಖ ನೋಡಿದ. ಇದು ತಮಾಷೆಯಲ್ಲ ಎಂದು ಅವನಿಗೆ ಅರ್ಥವಾಯಿತು. "ಬಂದೆ ಇರೇ, ಬಂದೆ" ಎಂದ. ನಿಜವಾಗಿಯೂ ಬರಬೇಕೆಂದೇ ಹೊರಟ, ಸುಳ್ಳಲ್ಲ. ದೀಪ ಶಾಂತ ಮಾಡಿದ. ಗ್ಯಾಸು ತಿರುಗಿಸಿದ. ಕಿಟಕಿಗಳನ್ನು ಹಾಕಿದ. ನೀರಿನ ನಲ್ಲಿ ನೋಡಿದ. ಹೊರಗೆ ಬಂದು ಎಲ್ಲ ಬೀಗ ಹಾಕಿ, ಹತ್ತು ಹೆಜ್ಜೆ ಓಡಿದ. ಗ್ಯಾಸು ಸರಿಯಾಗಿ ತಿರುಗಿಸಿದೆನೋ ಇಲ್ಲವೋ ಎಂದು ಅನುಮಾನ ಬಂತು. ತಿರುಗಿ ಓಡಿದ. ಬೀಗಗಳನ್ನು ತೆಗೆದ. ಗ್ಯಾಸು ಸರಿಯಾಗಿಯೇ ಇತ್ತು. ಮತ್ತೆ ಬೀಗ ಹಾಕಿದ. ಬಸ್ಸಿನವನು ಹಾರನ್ನು ಹೊಡೆದ. ಒಳಗಿದ್ದವರು ಎಷ್ಟು ಹೊತ್ತು ಎಂದು ಗೊಣಗಿದರು. ಅಂಬುಜಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಅವನು ಬೀಗ ಜಗ್ಗಿ ನೋಡುತ್ತಿದ್ದ. ಬಸ್ಸು ಹೊರಟಿತು.

"ಅಯ್ಯೋ! ಗಾಡಿ ಇತ್ತಲ್ಲ ಬುದ್ಧಿ, ಬಸ್ಸಿನ ಹಿಂದೆಯೇ ಹೋಗಬಹುದಿತ್ತಲ್ಲ?" ಎಂದ ಮರುಳಪ್ಪ.

"ಹೋದ. ಹೋಗದೆ ಇರುತ್ತಾನೆಯೇ? ಆದರೆ ಮನೆ ಹೊರಡಬೇಕಾದರೆ ಸುಮ್ಮನೆ ಆಗುತ್ತದೆಯೇ? ಕೊಳಗ ಬೀಳದ ಹಾಗೆ ಕಟ್ಟಬೇಕು, ಮಂಚ ಮಡಿಚಬೇಕು, ಮೆಟ್ಟಿಲು ಎತ್ತಬೇಕು. ಅಷ್ಟರಲ್ಲಿ ಬಸ್ಸು ಎಲ್ಲಿತ್ತೋ. ನೆಟ್ಟಗೆ ಅವಳ ತಮ್ಮನ ಊರಿಗೇ ಹೋದ."

ತಮ್ಮನ ಮನೆ ಇದ್ದ ಬೀದಿ ಕಿರಿದು. ಗಾಡಿ ಒಳಗೆ ನುಗ್ಗಲಿಲ್ಲ. ವ್ಯಾಪಾರಿ ಬೀದಿಯ ಬಾಯಲ್ಲಿ ನಿಲ್ಲಿಸಿಕೊಂಡು ಹೆಂಡತಿಗೆ ಫೋನು ಮಾಡಿದ. ಅವಳಿದ್ದ ಮನೆಯ ಜಗಲಿ ಅವನಿಗೆ ಕಾಣುತ್ತಿತ್ತು. ಅವಳೂ ಎದ್ದು ಜಗಲಿಗೆ ಬಂದಳು.

"ತಪ್ಪಾಯಿತು ಕಣೇ. ನೀನಿಲ್ಲದೆ ಆಗುತ್ತಿಲ್ಲ. ಬಾ" ಎಂದ. ಅವನು ಅಳುತ್ತಿದ್ದ.

ಅವಳಿಗೂ ಅಳು ಬಂತು. "ಇಲ್ಲಿಗೇ ಬನ್ನಿ. ಎಲೆ ಹಾಕಿದ್ದೇನೆ, ಊಟ ಮಾಡಿ. ಆಮೇಲೆ ಇಬ್ಬರೂ ಎಲ್ಲಿಗೆ ಬೇಕಾದರೂ ಹೋಗೋಣ" ಎಂದಳು.

ವ್ಯಾಪಾರಿ ಒಂದು ಕಾಲು ಕೆಳಗಿಟ್ಟ. ಬೀದಿಯ ಈ ಕಡೆ ನೋಡಿದ, ಆ ಕಡೆ ನೋಡಿದ.

"ಗಾಡಿ?" ಎಂದ.

ಅವಳು ಫೋನು ಇಟ್ಟು ಒಳಗೆ ಹೋದಳು. ಅವನು ಇನ್ನೂ ಬೀದಿಯ ಬಾಯಲ್ಲೇ ನಿಂತಿದ್ದಾನೆ ಎಂದು ಹೇಳುತ್ತಾರೆ.

ಮರುಳಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಎಸೆದ.

"ಎಂಥ ದಡ್ಡನಪ್ಪಾ ಅವನು! ಕಟ್ಟಿಕೊಂಡವಳು ಎಲೆ ಹಾಕಿ ಕರೆಯುತ್ತಿದ್ದಾಳೆ, ಇವನಿಗೆ ಗಾಡಿಯ ಚಿಂತೆ. ಬಾಗಿಲಿಗೆ ಬೀಗ ಹಾಕಿ ಇಬ್ಬರೂ ಒಟ್ಟಿಗೆ ಹೊರಟಿದ್ದರೆ ಯಾವ ಗಂಟು ಹೋಗುತ್ತಿತ್ತು ಬುದ್ಧಿ? ನಾನಾಗಿದ್ದರೆ ಹಾಗೆ ಮಾಡುತ್ತಲೇ ಇರಲಿಲ್ಲ."

ಗುರುಗಳು ನಡೆಯುವುದನ್ನು ನಿಲ್ಲಿಸಿ ಅವನ ಎದುರಿಗೆ ಬಂದು ಕುಳಿತರು.

"ಅದಿರಲಿ ಮರುಳಪ್ಪ, ನೀನು ಇಲ್ಲಿಗೆ ಬಂದಿದ್ದೀಯಲ್ಲ, ಈಗ ನಿನ್ನ ಮನೆಯಲ್ಲಿ ಯಾರಿದ್ದಾರೆ?"